ಲಿವರ್‌ನ ಸಣ್ಣ ಚುಕ್ಕೆ ಸಿಟಿಯಲ್ಲಿ ಸ್ಪಷ್ಟವಾಗಿ ಕಾಣಲು ದೊಡ್ಡ ಮಷೀನೇ ಬೇಕಾ?

ಕಾರವಾರದಲ್ಲಿ ನಿಮ್ಮ ತಂದೆಯವರಿಗೆ ಹೊಟ್ಟೆಯ ಸಿಟಿ ಮಾಡಿಸಿದ್ದೀರಿ. ಲಿವರ್‌ನಲ್ಲಿ ಸಣ್ಣ ಚುಕ್ಕೆ ಇದೆ, ಏನೆಂದು ಹೇಳಲು ಬರುವುದಿಲ್ಲ, ಟ್ರಿಪಲ್ ಫೇಸ್ (ಮೂರು ಬೇರೆ ಬೇರೆ ಹೊತ್ತಿಗೆ ಚಿತ್ರ ತೆಗೆಯುವ) ಸಿಟಿ ಮಾಡಿಸಿ ಅಂತ ರಿಪೋರ್ಟ್ ಬಂದಿದೆ. 128 ಸ್ಲೈಸ್ (ಒಂದು ಸುತ್ತಿಗೆ 128 ಪದರದ ಚಿತ್ರ ತೆಗೆಯುವ) ಮಷೀನ್ ಇರುವ ಕಡೆಗೆ, ಮಣಿಪಾಲಕ್ಕೋ ಗೋವಾಕ್ಕೋ ಕರೆದುಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ.

ನಾನು ಇದೇ ಕರಾವಳಿಯಲ್ಲಿ ಸಿಟಿ ಟೆಕ್ನಿಷಿಯನ್. ಸ್ಲೈಸ್ ಲೆಕ್ಕವನ್ನು ಸದ್ಯಕ್ಕೆ ಬಿಡಿ. ಲಿವರ್ ಕ್ಯಾನ್ಸರ್ ಪತ್ತೆಗೆ ಅಮೆರಿಕದ ರೇಡಿಯಾಲಜಿ ವೈದ್ಯರು ಮಾಡಿಕೊಂಡಿರುವ ಲೈ-ರ‍್ಯಾಡ್ಸ್ ಪದ್ಧತಿ ಕೂಡ ಕೇಳುವುದು ಕನಿಷ್ಠ 8 ಸಾಲು ಡಿಟೆಕ್ಟರ್ (ಎಕ್ಸ್‌ರೇ ಹಿಡಿಯುವ ಭಾಗ) ಇರುವ ಮಷೀನ್ ಅಷ್ಟೇ. ಲಿವರ್ ವಿಷಯದಲ್ಲಿ ಟೈಮಿಂಗ್ ಸರಿ ಇರಬೇಕು.

ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇನ್ ಮೂಲಕ, ಉಳಿದದ್ದು ಹೆಪಾಟಿಕ್ ಆರ್ಟರಿ ಅನ್ನುವ ಧಮನಿಯಿಂದ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಆರ್ಟರಿಯ ರಕ್ತವನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಕಾಂಟ್ರಾಸ್ಟ್ (ನರಕ್ಕೆ ಚುಚ್ಚುವ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಔಷಧ) ಕೊಟ್ಟು ಸುಮಾರು 35 ಸೆಕೆಂಡಿಗೆ, ಅಂದರೆ ಆರ್ಟರಿ ಹಂತದಲ್ಲಿ, ಅದು ಬೆಳ್ಳಗೆ ಎದ್ದು ಕಾಣುತ್ತದೆ. 70 ಸೆಕೆಂಡಿಗೆ, ಪೋರ್ಟಲ್ ಹಂತದಲ್ಲಿ, ಇಡೀ ಲಿವರ್ ತುಂಬಿಕೊಂಡಾಗ ಅದೇ ಗಡ್ಡೆ ಸುತ್ತಲಿನ ಬಣ್ಣದಲ್ಲೇ ಕಳೆದುಹೋಗಬಹುದು. ಮೂರು ನಿಮಿಷ ದಾಟಿದ ಮೇಲೆ, ಡಿಲೇಡ್ ಹಂತದಲ್ಲಿ, ಕಪ್ಪಾಗಿ ಕಾಣಬಹುದು. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ್ದರೆ ಅದು 70 ಸೆಕೆಂಡಿನಲ್ಲೇ ಚೆನ್ನಾಗಿ ಕಾಣುತ್ತದೆ, ಕಪ್ಪಾಗಿ. ಹೆಮಾಂಜಿಯೋಮಾ ಅನ್ನುವ ನಿರಪಾಯದ ಗಂಟು ಅಂಚಿನಿಂದ ಒಳಗೆ ನಿಧಾನಕ್ಕೆ ತುಂಬುತ್ತದೆ. ಮಾಮೂಲಿ ಹೊಟ್ಟೆ ಸಿಟಿಯನ್ನು ಸಾಮಾನ್ಯವಾಗಿ 70 ಸೆಕೆಂಡಿನ ಹೊತ್ತಿಗೆ ಒಂದೇ ಸಲ ತೆಗೆಯುತ್ತಾರೆ. ಆ ಒಂದು ಚಿತ್ರದಿಂದ ಇಷ್ಟನ್ನೆಲ್ಲ ಬೇರೆ ಮಾಡುವುದು ಕಷ್ಟ ಅಲ್ವಾ? ಇನ್ನೊಮ್ಮೆ ಮಾಡಿಸಿ ಅಂದದ್ದು ಅದಕ್ಕೇ ಇರಬೇಕು. ಇಂಥ ಚುಕ್ಕೆಗಳಲ್ಲಿ ಎಷ್ಟೋ ಬರೀ ನೀರುಗುಳ್ಳೆ ಅಥವಾ ಹೆಮಾಂಜಿಯೋಮಾ ಆಗಿರುತ್ತವೆ. ಈಗಲೇ ಗಾಬರಿ ಆಗಬೇಡಿ.

ಟೈಮಿಂಗ್ ಕೆಡುವುದು ಹೆಚ್ಚಾಗಿ ಸೂಜಿಯಲ್ಲಿ. ಆರ್ಟರಿ ಹಂತ ಚೆನ್ನಾಗಿ ಬರಬೇಕಾದರೆ ಕಾಂಟ್ರಾಸ್ಟ್ ಸೆಕೆಂಡಿಗೆ 4 ಎಂಎಲ್ ವೇಗದಲ್ಲಿ ಹೋಗಬೇಕು. ಅದಕ್ಕೆ ಮೊಣಕೈ ಹತ್ತಿರದ ದಪ್ಪ ನರದಲ್ಲಿ ಗುಲಾಬಿ ಅಥವಾ ಹಸಿರು ಬಣ್ಣದ ಕ್ಯಾನುಲಾ (ನರದಲ್ಲಿ ಬಿಡುವ ದಪ್ಪ ಕೊಳವೆ ಸೂಜಿ) ಬೇಕು. ವಾರ್ಡಿನಿಂದ ಬರುವವರ ಅಂಗೈ ಹಿಂಭಾಗದಲ್ಲಿ ಡ್ರಿಪ್ಪಿಗೆ ಹಾಕಿದ ಸಣ್ಣ ನೀಲಿ ಸೂಜಿ ಇರುತ್ತದೆ. ಅದರಲ್ಲೇ ಕೊಡಿ, ಮತ್ತೆ ಚುಚ್ಚಬೇಡಿ ಅನ್ನುತ್ತಾರೆ. ಆಗ ವೇಗ ಇಳಿಸಬೇಕಾಗುತ್ತದೆ, ಚಿತ್ರ ಮಂಕಾಗುತ್ತದೆ. ಇನ್ನೊಂದು ಸಲ ಚುಚ್ಚಬೇಕಾಗಬಹುದು ಅಂತ ಅಪ್ಪನಿಗೆ ಮೊದಲೇ ಹೇಳಿಡಿ. ತೂಕವನ್ನೂ ಸರಿಯಾಗಿ ಹೇಳಿ, ಕಾಂಟ್ರಾಸ್ಟ್ ಎಷ್ಟು ಅನ್ನೋದು ಅದರ ಮೇಲೆ.

ಇನ್ನೊಂದು ಉಸಿರು. ಉಸಿರಾಡಿದಾಗ ಲಿವರ್ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಚುಕ್ಕೆ ಇರುವುದೇ ಅಷ್ಟು. ಮಷೀನಿನ ಧ್ವನಿ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇದ್ದರೆ ನಮ್ಮ ಹಳ್ಳಿಯ ಹಿರಿಯರು ಬೆಚ್ಚಿ, ಹಿಡಿಯಬೇಕಾದಾಗಲೇ ಉಸಿರು ಬಿಡುತ್ತಾರೆ. ಅದಕ್ಕೇ ನಾನು "ಉಸ್ರು ತಗಳಿ, ಹಂಗೇ ಹಿಡ್ಕಳಿ" ಅಂತ ನಮ್ಮ ಮಾತಿನಲ್ಲೇ ರೆಕಾರ್ಡ್ ಮಾಡಿ ಇಟ್ಟಿದ್ದೇನೆ. ಟೇಬಲ್ ಒಳಗೆ ಹೋಗುವ ಮೊದಲು ಹೊಟ್ಟೆ ಮೇಲೆ ಕೈ ಇಟ್ಟು ಅಭ್ಯಾಸ ಮಾಡಿಸುತ್ತೇನೆ. ತೀರಾ ದೀರ್ಘ ಉಸಿರು ಬೇಡ, ಮೂರು ಸಲವೂ ಒಂದೇ ಅಳತೆಯದು ಸಾಕು. ಮನೆಯಲ್ಲಿ ಹದಿನೈದು ಎಣಿಸುವವರೆಗೆ ಹಿಡಿಯಲು ಅಭ್ಯಾಸ ಮಾಡಿಸಿ. ಕೈಗಳು ತಲೆಯ ಮೇಲೆ ಇರಬೇಕು, ಪಕ್ಕದಲ್ಲಿದ್ದರೆ ಲಿವರ್ ಮೇಲೆ ಗೆರೆಗಳು ಬೀಳುತ್ತವೆ. ಭುಜ ನೋವಿದ್ದರೆ ಮೊದಲೇ ಹೇಳಿ, ದಿಂಬು ಕೊಡುತ್ತಾರೆ.

ಮಷೀನ್ ಸೆಟ್ಟಿಂಗ್‌ಗೂ ಪಾಲಿದೆ. ತೆಳ್ಳಗಿನವರಿಗೆ 120 ಬದಲು 100 ಕೆವಿ (ಎಕ್ಸ್‌ರೇಯ ವೋಲ್ಟೇಜ್) ಇಟ್ಟರೆ ಕಾಂಟ್ರಾಸ್ಟ್ ಜಾಸ್ತಿ ಹೊಳೆಯುತ್ತದೆ, ಜೊತೆಗೆ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ. ಅದನ್ನು ತೆಗೆಯಲು ಈಗ ಒಳ್ಳೆಯ ಸಾಫ್ಟ್‌ವೇರ್ ಬಂದಿವೆ. ಆದರೆ ಅದನ್ನೇ ನಂಬಿ ರೇಡಿಯೇಶನ್ ತೀರಾ ಇಳಿಸುವುದು ನನಗೆ ಒಪ್ಪಿಗೆ ಇಲ್ಲ. ಚಿತ್ರ ನುಣ್ಣಗೆ ಚೆಂದ ಕಾಣುತ್ತದೆ, ಮಸುಕಾದ ಸಣ್ಣ ಚುಕ್ಕೆಯೂ ಆ ನುಣುಪಿನಲ್ಲೇ ಅಳಿಸಿಹೋಗಬಹುದು.

ಹೋಗುವ ಮೊದಲು ಫೋನ್ ಮಾಡಿ ಕೇಳಿ: ಪ್ರೆಶರ್ ಇಂಜೆಕ್ಟರ್ (ಕಾಂಟ್ರಾಸ್ಟನ್ನು ಒಂದೇ ವೇಗದಲ್ಲಿ ತಳ್ಳುವ ಯಂತ್ರ) ಇದೆಯಾ, ಮಹಾಧಮನಿಯಲ್ಲಿ ಕಾಂಟ್ರಾಸ್ಟ್ ಬಂದದ್ದನ್ನು ನೋಡಿ ಸ್ಕ್ಯಾನ್ ಶುರು ಮಾಡುತ್ತೀರಾ, ಆರ್ಟರಿ, ಪೋರ್ಟಲ್, ಡಿಲೇಡ್ ಮೂರೂ ತೆಗೆಯುತ್ತೀರಾ? ಹೌದು ಅಂದರೆ ಕಾರವಾರ, ಕುಮಟಾ, ಶಿರಸಿ ಎಲ್ಲಾದರೂ ಸರಿ. ಇಲ್ಲ ಅಂದರೆ ಮಾತ್ರ ದೂರ ಹೋಗಿ. ಘಾಟಿ ಇಳಿದು ಬರುವವರು ಬೆಳಗ್ಗಿನಿಂದ ನೀರೂ ಕುಡಿಯದೆ ಬರುತ್ತಾರೆ. ನರ ಸಿಗುವುದಿಲ್ಲ, ಕಿಡ್ನಿಗೂ ಒಳ್ಳೆಯದಲ್ಲ. ಸಾಮಾನ್ಯವಾಗಿ ಊಟ ನಾಲ್ಕು ಗಂಟೆ ಬಿಟ್ಟರೆ ಸಾಕು, ನೀರು ಕುಡಿಯಬಹುದೇ ಅಂತ ಸೆಂಟರ್‌ನಲ್ಲಿ ಕೇಳಿಕೊಳ್ಳಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಇರಲಿ. ಅಲರ್ಜಿ, ದಮ್ಮು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ಹೇಳಿ.

ಡಾಕ್ಟರ್ ಚೀಟಿಯಲ್ಲಿ ಸುಮ್ನೆ "ಹೊಟ್ಟೆ ನೋವು" ಅಂತ ಇದ್ದರೆ ಬರೆಸಿ ಸರಿ ಮಾಡಿಸಿ. ಹೆಪಟೈಟಿಸ್ ಬಿ, ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ), ಕುಡಿತ, ಹಿಂದೆ ಆಗಿದ್ದ ಕ್ಯಾನ್ಸರ್, ಇದ್ದದ್ದೆಲ್ಲ ಬರಲಿ. ಅದೇ ಚುಕ್ಕೆಗೆ ಸಿರೋಸಿಸ್ ಇದ್ದವರಲ್ಲಿ ಒಂದು ಅರ್ಥ, ಇಲ್ಲದವರಲ್ಲಿ ಇನ್ನೊಂದು. ಹಳೆಯ ಸಿಟಿಯ ಫಿಲ್ಮ್ ಅಲ್ಲ, ಸಿಡಿ ಕೇಳಿ ತೆಗೆದುಕೊಳ್ಳಿ. ಫಿಲ್ಮಿನಲ್ಲಿ ಆಯ್ದ ಚಿತ್ರಗಳಷ್ಟೇ ಇರುತ್ತವೆ, ಸಿಡಿಯಲ್ಲಿ ಎಲ್ಲವೂ. ಹೊಸ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಕೈಗೆ ಅದನ್ನು ಕೊಡಿ.