ಬ್ರಹ್ಮಕಲಶ ಮುಗಿಯುವವರೆಗೆ ಸುಮ್ಮನಿರಬಹುದೇ?

ಪ್ರಶ್ನೆ: ವಕೀಲರೇ, ನಾನು ಬದಿಯಡ್ಕ ಕಡೆಯ ಒಂದು ದೇವಸ್ಥಾನದ ಸಮಿತಿ ಕಾರ್ಯದರ್ಶಿ. ರಜೆಯಲ್ಲಿ ಮಕ್ಕಳಿಗೆ ಭಜನೆ ಕಲಿಸುವವರು ಒಬ್ಬ ಹುಡುಗನ ಮೈಮುಟ್ಟಿ ಅಸಭ್ಯವಾಗಿ ನಡೆದುಕೊಂಡರೆಂದು ಅವನ ತಾಯಿ ನನಗೆ ಹೇಳಿದರು. ಕೇಸು ಬೇಡ, ಕಲಿಸುವ ಕೆಲಸದಿಂದ ಅವರನ್ನು ತೆಗೆದರೆ ಸಾಕು ಅನ್ನುತ್ತಾರೆ. ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿಯಲಿ ಎಂದು ಆಡಳಿತ ನೋಡಿಕೊಳ್ಳುವ ಮೊಕ್ತೇಸರರು. ಕಾನತ್ತೂರಿನ ದೈವಸ್ಥಾನಕ್ಕೆ ಕರೆದುಕೊಂಡು ಹೋಗಿ ಪ್ರಮಾಣ ಮಾಡಿಸೋಣ ಎಂದು ಇನ್ನೊಬ್ಬರು. ನಾನೇನು ಮಾಡಲಿ?

ಉತ್ತರ: ಇವತ್ತೇ ಠಾಣೆಗೆ ಹೋಗಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾನೂನು 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಆಗಬಹುದೆಂಬ ಆತಂಕ ಇದ್ದರೂ ಹೇಳಲೇಬೇಕು. ಸಮಿತಿ ಸಭೆ ಕರೆಯಿರಿ, ನಿರ್ಣಯ ಮಾಡಿ ಎಂದು ಎಲ್ಲೂ ಇಲ್ಲ. ತಾಯಿ ಹೇಳಿದ ಗಳಿಗೆಯಿಂದ ಹೊಣೆ ನಿಮ್ಮದು. ಹೇಳದೆ ಇದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮೊಕ್ತೇಸರರಿಗೆ ಇದನ್ನು ಓದಿ ಹೇಳಿ: ಸಂಸ್ಥೆಯ ಉಸ್ತುವಾರಿ ಇರುವವರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಜೈಲು ಒಂದು ವರ್ಷದವರೆಗೆ ಆಗಬಹುದು, ಜೊತೆಗೆ ದಂಡ. 'ಅವರು ಸಂಬಳ ಇಲ್ಲದೆ ಸೇವೆ ಮಾಡುವವರು, ನಮ್ಮ ಕೈಕೆಳಗಲ್ಲ' ಎಂದು ಯಾರಾದರೂ ವಾದಿಸಬಹುದು. ವಾದಿಸಲಿ, ಆಗಲೂ ಆ ಆರು ತಿಂಗಳು ತಪ್ಪುವುದಿಲ್ಲ.

ಕಾನತ್ತೂರಿನ ಮಾತು ಬಂತು. ವಿದ್ಯಾನಗರದ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿದ ಕಕ್ಷಿದಾರರು ಅಲ್ಲಿನ ನಾಲ್ವರು ದೈವಗಳ ಮುಂದೆ ರಾಜಿ ಆದದ್ದನ್ನು ನಾನೇ ಕಂಡಿದ್ದೇನೆ. ಸಾಲ, ಗಡಿ, ಪಾಲಿನ ಜಗಳಕ್ಕೆ ಸರಿ. ಮಗುವಿನ ಮೈಮುಟ್ಟಿದ್ದಕ್ಕೆ ರಾಜಿಯೇ ಇಲ್ಲ. ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅದೇ ಸಂಸ್ಥೆಯಲ್ಲಿ ಇಂಥದ್ದು ಮಾಡಿದರೆ ಕಾನೂನು ಅದನ್ನು ಹೆಚ್ಚು ಗಂಭೀರ ಅಪರಾಧ ಎಂದೇ ಎಣಿಸುತ್ತದೆ. ಐದರಿಂದ ಏಳು ವರ್ಷ ಶಿಕ್ಷೆ. 'ಹುಡುಗ ತಾನೇ' ಎಂಬ ಮಾತೂ ನಿಮ್ಮ ಸಭೆಯಲ್ಲಿ ಬಂದಿರುತ್ತದೆ, ಅಲ್ವಾ? ಹುಡುಗ, ಹುಡುಗಿ ಎಂಬ ಭೇದ ಈ ಕಾನೂನಿಗೆ ಇಲ್ಲ.

ತಾಯಿ ಬೇಡ ಅಂದರೂ ನಿಮ್ಮ ಕರ್ತವ್ಯ ನಿಲ್ಲುವುದಿಲ್ಲ. ಆದರೆ ಅವರಿಗೆ ಹೇಳಿಯೇ ಹೋಗಿ. ಅವರ ಹೆದರಿಕೆ ಏನೆಂದು ನನಗೆ ಗೊತ್ತು: ಪೊಲೀಸ್ ಜೀಪು ಅಂಗಳಕ್ಕೆ ಬರುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ ಎಂದು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಆದಷ್ಟು ಮಟ್ಟಿಗೆ ಎಸ್‌ಐ ದರ್ಜೆಗಿಂತ ಕಡಿಮೆ ಇಲ್ಲದ ಮಹಿಳಾ ಅಧಿಕಾರಿಯೇ ಬರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗೇ ಇಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ಕೋರ್ಟಿಗೂ ವರದಿ ಮಾಡಬೇಕು.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಮಾತು. ದೂರನ್ನು ಕನ್ನಡದಲ್ಲೇ ಬರೆದುಕೊಂಡು ಹೋಗಿ. ಅವರು ಮಲಯಾಳದಲ್ಲಿ ಬರೆದುಕೊಂಡರೆ ಅರ್ಥವಾಗುವ ಹಾಗೆ ಓದಿ ಹೇಳಲು ಕೇಳಿ. ಬರೆದದ್ದನ್ನು ಓದಿ ಹೇಳಬೇಕೆಂದು ಕಾನೂನೇ ಹೇಳಿದೆ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದಾಖಲಿಸಿದರೆ ದುಭಾಷಿಯನ್ನು ಒದಗಿಸಬೇಕು. ಇದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಿ. ದೂರಿಗೆ ನಂಬರು ಬಿದ್ದಿದೆಯೇ ಎಂದೂ ನೋಡಿಕೊಳ್ಳಿ. ಮಾತಾಡಲು ಸಂಕೋಚವಾದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸದ್ಭಾವನೆಯಿಂದ ಹೇಳಿದವರ ಮೇಲೆ ಕೇಸು ನಡೆಯುವುದಿಲ್ಲ. ಹಾಗಾಗಿ 'ಸುಳ್ಳಾಗಿದ್ದರೆ' ಎಂದು ನೀವು ತನಿಖೆಗೆ ಇಳಿಯಬೇಡಿ. ಹುಡುಗನನ್ನು ಸಮಿತಿ ಮುಂದೆ ನಿಲ್ಲಿಸಿ ಪುನಃ ಪುನಃ ಕೇಳುವುದಂತೂ ಖಂಡಿತ ಬೇಡ. ದೇವಸ್ಥಾನದ ವಾಟ್ಸಾಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ.

ಪ್ರಶ್ನೆ: ಮಂಜೇಶ್ವರ ಕಡೆಯ ಇಗರ್ಜಿಯೊಂದರಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮೋಪದೇಶ ಕಲಿಸುತ್ತೇನೆ. ಇಂಥದ್ದೇ ದೂರು ಬಂದರೆ ಇಗರ್ಜಿಯ ಮುಖ್ಯ ಪಾದ್ರಿಯಾದ ವಿಗಾರರಿಗೆ ಹೇಳಿ, ಅವರು ಬಿಷಪರಿಗೆ ತಿಳಿಸಿದರೆ ಸಾಕಲ್ಲವೇ? ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಗೊತ್ತಾದರೆ ಏನು ಕತೆ?

ಉತ್ತರ: ಸಾಲದು. ಪೋಪ್ ಫ್ರಾನ್ಸಿಸ್ 2019ರಲ್ಲಿ ತಂದ ನಿಯಮದಂತೆ ಪಾದ್ರಿಗಳು, ಸಿಸ್ಟರುಗಳು ಕ್ರೈಸ್ತ ಸಭೆಯ ಅಧಿಕಾರಿಗಳಿಗೆ ತಿಳಿಸಬೇಕು, ನಿಜ. ಆದರೆ ಆಯಾ ದೇಶದ ಕಾನೂನಿನ ವರದಿ ಕರ್ತವ್ಯಕ್ಕೆ ಅದರಿಂದ ಧಕ್ಕೆ ಇಲ್ಲ ಎಂದು ಅದೇ ನಿಯಮದಲ್ಲಿದೆ. ವಿಗಾರರಿಗೆ ಹೇಳುವುದು ನಿಮ್ಮ ಸಂತೋಷ. ಪೊಲೀಸರಿಗೆ ಹೇಳುವುದು ನಿಮ್ಮ ಕರ್ತವ್ಯ.

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಂದು ಹಾಸ್ಟೆಲಿನ ಪ್ರಕರಣ ನೋಡಿ. ಮಕ್ಕಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರರು ಗೊತ್ತಿದ್ದೂ ತಿಳಿಸಲಿಲ್ಲ ಎಂದು ಕೇಸಾಯಿತು. ಹೈಕೋರ್ಟು ಅದನ್ನು ರದ್ದು ಮಾಡಿತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿ, ವರದಿ ಮಾಡದಿರುವುದು ಗಂಭೀರ ಅಪರಾಧ ಎಂದಿತು.

ಪಾಪನಿವೇದನೆಯ ಗುಟ್ಟು ಬಿಡಬಾರದೆಂಬುದು ಸಭೆಯ ಕಟ್ಟಳೆ. ಪೋಕ್ಸೋದಲ್ಲಿ ಅದಕ್ಕೆ ವಿನಾಯಿತಿ ಬರೆದಿಲ್ಲ. ಅದು ಪಾದ್ರಿಗಳು ಎದುರಿಸಬೇಕಾದ ಕಷ್ಟ. ನಿಮ್ಮ ಮುಂದೆ ಮಗು ಬಂದು ಮಾತಾಡುವುದು ದೊತೊರ್ನ್ ಕ್ಲಾಸಿನ ಬೆಂಚಿನಲ್ಲಿ ತಾನೇ? ಅಲ್ಲಿ ಯಾವ ಗುಟ್ಟಿನ ಕಟ್ಟಳೆಯೂ ಇಲ್ಲ.