ಸೇನೆಯ ಪ್ಯಾರಾಚೂಟ್ ಪಡೆ, ಅಂದ್ರೆ ಪ್ಯಾರಾ ಯೂನಿಟ್‌ನಲ್ಲಿ ಜಂಪ್ ಸೀಸನ್ ಯಾವಾಗ? ಮಳೆಗಾಲ ಮುಗಿದ್ಮೇಲೆ ತಯಾರಿ ಶುರು ಮಾಡಿದ್ರೆ ಸಾಕಾ?

ತಮಾ, ಕಾರವಾರದ ಜೆಟ್ಟಿ ಮೇಲಿಂದ ನೀರಿಗೆ ಹಾರಿ ಪ್ರಾಕ್ಟೀಸ್ ಮಾಡ್ತಾ ಇದೀನಿ ಅಂತ ಬರ್ದಿದೀಯಲ್ಲ, ಅದನ್ನ ಓದಿ ನನ್ನ ಎಡಗಾಲು ಒಂದ್ಸಲ ಜುಂ ಅಂತು. ನಾನು ಅಘನಾಶಿನಿ ಹೊಳೆ ಬದಿಯವ, ಗಜನಿ ಗದ್ದೆ ಕೆಸರಲ್ಲೇ ಬೆಳೆದವ. ಸಂಕದ (ಕಾಲುಸೇತುವೆ) ಮೇಲಿಂದ ಹೊಳೆಗೆ ಹಾರೋದ್ರಲ್ಲಿ ಊರಲ್ಲಿ ನನ್ನ ಬಿಟ್ರೆ ಇಲ್ಲ ಅನ್ನೋ ಸೊಕ್ಕು ಬೇರೆ.

ಬೆಂಗಳೂರಿನ ಪ್ಯಾರಾ ಸೆಂಟರ್‌ನಲ್ಲಿ ಟ್ರೇನಿಂಗ್ ಆಯ್ತು, ಪ್ರೊಬೇಷನ್ ಆಯ್ತು, ಆಗ್ರಾದಲ್ಲಿ 5 ಜಂಪ್ ಹೊಡ್ದು (ಒಂದು ರಾತ್ರಿದು) ವಿಂಗ್ (ಪ್ಯಾರಾ ಬ್ಯಾಡ್ಜ್) ತಗೊಂಡೆ. ಅಲ್ಲಿವರೆಗೆ ಸರಿ ಇತ್ತು. ಆಮೇಲೆ ವರ್ಷವರ್ಷ ರಿಫ್ರೆಶರ್ ಜಂಪ್ ಇರ್ತದೆ, ಅದಕ್ಕೂ ಮುಂಚೆ ಗ್ರೌಂಡ್ ಟ್ರೇನಿಂಗ್ ಇರ್ತದೆ. ಕೆಟ್ಟಿದ್ದು ಅಲ್ಲೇ. ಚೌತಿ ರಜೆ ಮುಗಿಸ್ಕೊಂಡು ವಾಪಸ್ ಹೋದೆ, ಆಗ ಮಳೆ ಇನ್ನೂ ಬಿಟ್ಟಿರ್ಲಿಲ್ಲ, ದಿನಾ ಕಟ್ಟೆ ಮೇಲಿಂದ ಹಾರು, ಬೀಳು, ಎದ್ದೇಳು, ಮತ್ತೆ ಹಾರು. ನಂಗೆ ಬರ್ತದಲ್ಲ ಇದು ಅಂತ ಹಾಜರಿ ಹಾಕಿಸ್ಕೊಂಡು ಲಂಗರ್ (ಅಡಿಗೆಮನೆ) ಕಡೆ ಜಾರ್ಕೊಂಡೆ, ಒಂದಿನ ಅಲ್ಲ, ಹೆಚ್ಚುಕಮ್ಮಿ ಪೂರ್ತಿ.

ಡಿಸೆಂಬರ್‌ನಲ್ಲಿ ಜಂಪ್. ಆಗ್ರಾ ಚಳಿಗಾಲ ಅಂದ್ರೆ ಮಂಜು, ಎಎನ್-32 ವಿಮಾನ ಎದುರಿಗೆ ನಿಂತಿದ್ರೂ ಕಾಣ್ಸಲ್ಲ. ಬೆನ್ನಿಗೆ ಪ್ಯಾರಾಚೂಟು, ಎದೆಗೆ ರಿಸರ್ವ್ ಚೂಟು ಕಟ್ಕೊಂಡು ಗಂಟೆಗಟ್ಲೆ ಕೂತ್ಕೊಂಡಿರೋದು, ಎಷ್ಟೋ ದಿನ ಬಿಚ್ಚಿಟ್ಟು ವಾಪಸ್. ಆವತ್ತು ಮಂಜು ಕರಗ್ತು, ಮಲ್ಪುರ ಡ್ರಾಪ್ ಝೋನ್ (ಇಳಿಯೋ ಬಯಲು) ಮೇಲೆ 1250 ಅಡಿಯಿಂದ ಹಾರ್ದೆ. ಸ್ಟ್ಯಾಟಿಕ್ ಲೈನ್ (ವಿಮಾನಕ್ಕೆ ಸಿಕ್ಕಿಸಿರೋ, ಚೂಟು ಬಿಚ್ಚಿಸೋ ಪಟ್ಟಿ) ಎಳೀತು, ಚೂಟು ಬಿಚ್ಕೊಳ್ತು, ಎಲ್ಲ ಚೊಲೋ. ಮೇಲಿಂದ ಕೆಳಗೆ ಬರೋಕೆ ಒಂದು ನಿಮಿಷದ ಆಸುಪಾಸು ಅಷ್ಟೇ. ಕೊನೆ ಗಳಿಗೇಲಿ ಕೆಳಗೆ ನೋಡ್ದೆ.

ಇದನ್ನ ಸರಿಯಾಗಿ ತಿಳ್ಕೋ. ಇಳಿಯುವಾಗ ಕಣ್ಣು ದೂರದಲ್ಲಿ ಇರ್ಬೇಕು, ನೆಲ ನೋಡ್ಬಾರ್ದು. ಯಾಕೆ ಅಂದ್ರೆ ನೆಲ ನುಗ್ಗಿ ಬಂದಂಗೆ ಕಾಣ್ತದೆ, ಕಾಲು ತಾನಾಗೇ ಅದನ್ನ ಮುಟ್ಟೋಕೆ ಹೋಗ್ತದೆ, ಮುಟ್ಟೋಕೆ ಹೋದ್ರೆ ಮಂಡಿ ನೆಟ್ಟಗಾಗ್ತದೆ, ಎರಡು ಕಾಲು ಬೇರೆಬೇರೆ ಆಗ್ತವೆ, ಮುಂದೆ ಚಾಚಿದ ಒಂದೇ ಕಾಲ ಮೇಲೆ ಮೈಭಾರ, ಸಾಮಾನಿನ ಭಾರ ಎಲ್ಲ ಬೀಳ್ತದೆ. ಪಾದ ಜೋಡಿಸಿ, ಮಂಡಿ ಜೋಡಿಸಿ ಸ್ವಲ್ಪ ಬಗ್ಗಿಸಿ, ಗದ್ದ ಎದೆಗೆ ಒತ್ಕೊಂಡು ಬಂದ್ರೆ ಮೊದ್ಲು ಪಾದದ ಮುಂಭಾಗ ತಾಗ್ತದೆ, ಆಮೇಲೆ ಮೀನಖಂಡ, ತೊಡೆ, ಕುಂಡೆ, ಬೆನ್ನಿನ ಪಕ್ಕ, ಹಂಗೆ ಹೊರಳ್ತಾ ಹೊರಳ್ತಾ ಪೆಟ್ಟು ಹಂಚಿ ಹೋಗ್ತದೆ. ಟ್ರೇನಿಂಗ್ ಕೊಡೋ ಉಸ್ತಾದ್ರು ಕಿವಿ ಕಿತ್ತೋಗೋ ಹಾಗೆ 'ಪೈರ್ ಜೋಡ್' (ಕಾಲು ಜೋಡಿಸು) ಅಂತ ಕೂಗ್ತಿದ್ದಿದ್ದು ಇದಕ್ಕೇ. ಆದ್ರೆ ಹೊಳೆಗೆ ಹಾರೋವಾಗ ನಾವು ಏನ್ ಮಾಡ್ತೇವೆ? ಕೆಳಗೆ ನೋಡ್ಕೊಂಡು ಕಾಲು ನೆಟ್ಟಗೆ ಚಾಚ್ತೇವೆ. ನೀರು ಬಿಟ್ಕೊಡ್ತದೆ, ಕೆಸರೂ ಬಿಟ್ಕೊಡ್ತದೆ. ಆಗ್ರಾದ ಗಟ್ಟಿನೆಲ ಬಿಟ್ಕೊಡ್ಲಿಲ್ಲ. ಪಾದದ ಗಂಟು ಎರಡು ಕಡೆ ಮುರೀತು. ಹದಿನೈದು ದಿನ ಕಟ್ಟೆ ಮೇಲಿಂದ ಬಿದ್ದಿದ್ರೆ ಆ ಸಂಕದ ಚಾಳಿ ಹೋಗಿರ್ತಿತ್ತು.

ಹಾಗಾಗಿ ನಿನ್ನ ಪ್ರಶ್ನೆನೇ ತಪ್ಪು ಅಂತೀನಿ. ಯಕ್ಷಗಾನ ಮೇಳದ ತಿರುಗಾಟದ ಲೆಕ್ಕದಲ್ಲಿ ಕೇಳ್ತಿದೀಯ, ಮಳೆ ಬಿಟ್ಮೇಲೆ ಗೆಜ್ಜೆ ಕಟ್ಟೋದು ಅಂತ. ಬೇಸಿಗೇಲಿ ಗಾಳಿ, ಧೂಳು ಏಳೋ ಮುಂಚೆ ನಸುಕಲ್ಲೇ ಜಂಪ್, ಚಳೀಲಿ ಮಂಜು ಕಾಯೋದು ಮತ್ತೆ ಎಕ್ಸರ್‌ಸೈಜ್, ಮಳೇಲಿ ಫೈರಿಂಗು, ಈಜು, ಭಾರ ಹೊತ್ತು ಓಟ, ಗ್ರೌಂಡ್ ಟ್ರೇನಿಂಗು. ನನ್ನ ಕೇಳಿದ್ರೆ ಆ ಮಳೆಗಾಲದ್ದೇ ನಿಜವಾದ ಸೀಸನ್ನು.

ಅಕ್ಟೋಬರ್ ತನಕ ಕಾಯ್ಬೇಡ. ಟ್ಯಾಗೋರ್ ಬೀಚಲ್ಲಿ ಇಳಿತದ ಹೊತ್ತು ನೋಡ್ಕೊಂಡು ಒದ್ದೆ ಗಟ್ಟಿ ಮರಳ ಮೇಲೆ ಓಡು, ನೆನೆದ್ರೆ ನೆನೀಲಿ. ಮೊದ್ಲು ಭರ್ತಿ ರ‍್ಯಾಲಿಯ 1.6 ಕಿಲೋಮೀಟರ್ ಓಟ ಆಗ್ಲಿ, ವಿಮಾನ ಆಮೇಲಿನ ಮಾತು. ಜೆಟ್ಟಿಯಿಂದ ಹಾರೋದು ಮಾತ್ರ ಇವತ್ತೇ ಬಿಡು. ಈಜ್ಬೇಕು ಅಂದ್ರೆ ಮೆಟ್ಲು ಇಳ್ಕೊಂಡು ಹೋಗು.