‘ನಕ್ಕು ನಕ್ಕು ಸಾಕಾಯಿತು’ ಅಂತ ಬರೆದರೆ ಸಾಲದು

ನಮಸ್ಕಾರ.

‘ಬೀಟ್ ದಿ ಡೆವಿಲ್’ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ‘ಪ್ರಕಟಿಸಲಾಗುತ್ತಿಲ್ಲ, ವಿಷಾದವಿದೆ’ ಅಂತ ಸುಮ್ನೆ ಒಂದು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. 1953ರ ಒಂದು ಕಪ್ಪು-ಬಿಳುಪು ಇಂಗ್ಲಿಷ್ ಹಾಸ್ಯಚಿತ್ರವನ್ನು ಹುಡುಕಿ ನೋಡಿ, ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂರುವವರು ಜಾಸ್ತಿ ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ.

ಲೇಖನದ ಮುಕ್ಕಾಲು ಪಾಲು ಕಥೆಯ ಸಾರಾಂಶ. ಇಟಲಿಯ ಒಂದು ಬಂದರು ಊರು. ರಿಪೇರಿಯಾಗದೆ ನಿಂತ ಹಡಗು. ಆಫ್ರಿಕಾಕ್ಕೆ ಹೋಗಿ ಯುರೇನಿಯಂ ಇರುವ ಜಮೀನು ಹೊಡೆದುಕೊಳ್ಳಲು ಕಾದಿರುವ ನಾಲ್ವರು ಖದೀಮರು, ಅವರ ಜೊತೆ ನಾಯಕ ಹಂಫ್ರಿ ಬೋಗಾರ್ಟ್, ಒಂದು ಇಂಗ್ಲಿಷ್ ಜೋಡಿ. ತಪ್ಪೇನಿಲ್ಲ. ಆದರೆ ಈ ಕಥೆಯನ್ನು ಚಿತ್ರ ಮಾಡಿದವರೇ ತಲೆಗೆ ಹಚ್ಚಿಕೊಂಡಿರಲಿಲ್ಲ. ಇಟಲಿಯ ರವೆಲ್ಲೊದಲ್ಲಿ ಶೂಟಿಂಗ್ ನಡೆಯುತ್ತಿದ್ದಾಗಲೇ ಅಮೆರಿಕದ ಲೇಖಕ ಟ್ರೂಮನ್ ಕಪೋಟಿ ಆಯಾ ದಿನಕ್ಕೆ ಬೇಕಾದ ದೃಶ್ಯ ಬರೆದು ಕೊಡುತ್ತಿದ್ದರು. ಅಂಥ ಕಥೆಯನ್ನು ನೀವು ಎಳೆ ಎಳೆಯಾಗಿ ಬಿಡಿಸಿ ಒಪ್ಪವಾಗಿ ಜೋಡಿಸಿಟ್ಟಿದ್ದೀರಿ. ಚಿತ್ರಕ್ಕಿಂತ ನಿಮ್ಮ ಸಾರಾಂಶವೇ ಅಚ್ಚುಕಟ್ಟಾಗಿದೆ. ತೊಂದರೆ ಇರುವುದೇ ಅಲ್ಲಿ.

ಉಳಿದ ಕಾಲು ಪಾಲಿನಲ್ಲಿ ‘ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ’ ಅಂತ ಮತ್ತೆ ಮತ್ತೆ ಬರುತ್ತದೆ. ಓದುವಾಗ ನನಗೆ ಒಂದು ಸಲವೂ ನಗು ಬರಲಿಲ್ಲ. ಯಾವುದಕ್ಕೆ ನಕ್ಕಿರಿ ಅಂತ ನೀವು ಹೇಳಿಯೇ ಇಲ್ಲವಲ್ಲ.

ಒಂದೇ ಒಂದು ಮಾತು ತಗೊಳ್ಳಿ. ಆ ಇಂಗ್ಲಿಷ್ ಜೋಡಿಯ ಹೆಂಡತಿ, ಜೆನ್ನಿಫರ್ ಜೋನ್ಸ್ ಮಾಡಿರುವ ಗ್ವೆಂಡೊಲೆನ್, ಆ ನಾಲ್ವರನ್ನು ನೋಡಿದ ಮೇಲೆ ಗಂಡನನ್ನು ಎಚ್ಚರಿಸುತ್ತಾಳೆ. ಇವರು ಅಪಾಯದ ಜನ, ಹುಷಾರು ಅನ್ನುತ್ತಾಳೆ. ಕಾರಣ? ಅವರಲ್ಲಿ ಒಬ್ಬನೂ ನನ್ನ ಕಾಲುಗಳ ಕಡೆ ನೋಡಲಿಲ್ಲ! ಪತ್ತೇದಾರಿ ಕಥೆಗಳಲ್ಲಿ ಬೂಟಿಗೆ ಅಂಟಿದ ಕೆಸರು, ಸಿಗರೇಟಿನ ಬೂದಿ ನೋಡಿ ಅಪರಾಧಿಯನ್ನು ಹಿಡಿಯುತ್ತಾರೆ ಅಲ್ವಾ? ಇಲ್ಲಿ ತರ್ಕ ಅದೇ ಥರದ್ದು, ಸುಳಿವು ಮಾತ್ರ ಬೇರೆ. ಅವಳು ಇದನ್ನು ತಮಾಷೆ ಅಂತ ಹೇಳುವುದಿಲ್ಲ. ಪೂರ್ತಿ ನಂಬಿ ಹೇಳುತ್ತಾಳೆ. ಇನ್ನೂ ಮಜಾ ಏನೆಂದರೆ ಅವಳ ಲೆಕ್ಕ ಸರಿ, ಅವರು ನಿಜಕ್ಕೂ ಖದೀಮರೇ. ಚಿತ್ರದುದ್ದಕ್ಕೂ ಬಾಯಿ ತೆರೆದರೆ ಕಟ್ಟುಕಥೆ ಹೇಳುವ ಹೆಂಗಸಿನ ಬಾಯಿಂದ ಬಂದ ಸತ್ಯ ಅದು. ಈ ಒಂದು ಮಾತಿನ ಮೇಲೆ ನೀವು ಒಂದು ಪುಟ ಬರೆಯಬಹುದಿತ್ತು. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

ಆ ನಾಲ್ವರಲ್ಲಿ ಒಬ್ಬನ ಪಾತ್ರ ಮಾಡಿರುವ ಪೀಟರ್ ಲೋರೆ ಬಗ್ಗೆ ಬರೆದ ಭಾಗ ಚೆನ್ನಾಗಿದೆ. ಜರ್ಮನ್ ಉಚ್ಚಾರಣೆ, ಹೆಸರು ನೋಡಿದರೆ ಐರಿಶರ ಓಹಾರಾ. ಕೇಳಿದರೆ, ಚಿಲಿಯಲ್ಲಿ ಎಷ್ಟೋ ಜರ್ಮನ್ನರಿಗೆ ಓಹಾರಾ ಅಂತ ಹೆಸರಾಗಿದೆ ಅಂತ ಸಮಾಧಾನ ಹೇಳುತ್ತಾನೆ. ಇಲ್ಲಿ ನೀವು ಪಾತ್ರಕ್ಕೇ ಮಾತಾಡಲು ಬಿಟ್ಟಿದ್ದೀರಿ, ಅದಕ್ಕೇ ನಗು ಬರುತ್ತದೆ. ಆದರೆ ಮುಂದೆ ಕಾಲದ ಬಗ್ಗೆ ಅವನ ಭಾಷಣ ಬರುತ್ತದಲ್ಲ, ಅಲ್ಲಿ ಹಾದಿ ತಪ್ಪಿದಿರಿ. ಸ್ವಿಸ್ ಜನ ಕಾಲವನ್ನು ತಯಾರಿಸುತ್ತಾರೆ, ಹಿಂದೂಗಳು ಅದು ಇಲ್ಲವೇ ಇಲ್ಲ ಅನ್ನುತ್ತಾರೆ, ನನ್ನ ಪ್ರಕಾರ ಕಾಲ ಅನ್ನುವುದೊಂದು ಮೋಸಗಾರ ಅನ್ನುತ್ತಾನೆ. ನೀವು ‘ಹಿಂದೂಗಳು’ ಅನ್ನುವಲ್ಲಿಗೆ ನಿಂತು, ಅಲ್ಲಿಂದ ಶಂಕರಾಚಾರ್ಯರ ಬಳಿಗೆ ಹೋಗಿಬಿಟ್ಟಿದ್ದೀರಿ. ದಯವಿಟ್ಟು ವಾಪಸ್ ಬನ್ನಿ. ಒಬ್ಬ ಕಳ್ಳ ಕಾಲವನ್ನು ಕಳ್ಳ ಅನ್ನುತ್ತಿದ್ದಾನೆ, ಅಷ್ಟು ಸಾಕು.

ಇನ್ನು ಮುಖ್ಯವಾದ ಕೊರತೆ. ಅಣಕ ಮಾಡುವ ಚಿತ್ರದ ಬಗ್ಗೆ ಬರೆಯುವಾಗ ಯಾವುದರ ಅಣಕ ಅಂತ ಹೇಳಲೇಬೇಕು. ಈ ಚಿತ್ರದ ನಿರ್ದೇಶಕ ಜಾನ್ ಹ್ಯೂಸ್ಟನ್ ಅವರೇ 1941ರಲ್ಲಿ ‘ದಿ ಮಾಲ್ಟೀಸ್ ಫಾಲ್ಕನ್’ ಅನ್ನುವ ಪತ್ತೇದಾರಿ ಚಿತ್ರ ಮಾಡಿದ್ದರು. ಅಲ್ಲೂ ಬೋಗಾರ್ಟ್, ಅಲ್ಲೂ ಲೋರೆ. ಅಲ್ಲಿ ಸಿಡ್ನಿ ಗ್ರೀನ್‌ಸ್ಟ್ರೀಟ್ ಇದ್ದ ಜಾಗದಲ್ಲಿ ಇಲ್ಲಿ ಅಷ್ಟೇ ದಪ್ಪಗಿನ ರಾಬರ್ಟ್ ಮಾರ್ಲಿ. ಆ ಚಿತ್ರದಲ್ಲಿ ಕಪ್ಪು ಗಿಡುಗನ ಗೊಂಬೆಗಾಗಿ ಕೊಲೆಗಳಾಗುತ್ತವೆ, ಕೊನೆಗೆ ಗೊಂಬೆ ನಕಲಿ. ಇಲ್ಲಿ ಯುರೇನಿಯಂ ಅನ್ನು ಯಾರೂ ಕಣ್ಣಲ್ಲಿ ಸಹ ನೋಡುವುದಿಲ್ಲ. ಎಲ್ಲರೂ ಪೆದ್ದ ಅಂದುಕೊಂಡಿದ್ದ ಗ್ವೆಂಡೊಲೆನ್‌ಳ ಗಂಡನಿಗೆ ಜಮೀನು ಸಿಕ್ಕಿತು ಅಂತ ಟೆಲಿಗ್ರಾಂ ಬರುತ್ತದೆ, ಬೋಗಾರ್ಟ್ ನಗಲು ಶುರುಮಾಡುತ್ತಾರೆ. ತಮ್ಮದೇ ಹಳೆಯ ಚಿತ್ರವನ್ನು ಅದರ ನಿರ್ದೇಶಕ ಮತ್ತು ನಾಯಕ ಸೇರಿ ಗೇಲಿ ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಓದುಗರಿಗೆ ಆ ನಗು ಅರ್ಥವಾಗುತ್ತದೆ. ಇದನ್ನು ಮೊದಲ ಎರಡು ಪ್ಯಾರಾದಲ್ಲೇ ತನ್ನಿ.

ಅದರ ಬದಲು ನೀವು ‘ಜೇಡರ ಬಲೆ’ಯನ್ನು ಎಳೆದು ತಂದಿದ್ದೀರಿ. ಕನ್ನಡದವರಿಗೆ ಹತ್ತಿರವಾಗಲಿ ಎಂಬ ಆಸೆ, ಗೊತ್ತಾಗುತ್ತದೆ. ಆದರೆ 1968ರ ಆ ಚಿತ್ರದಲ್ಲಿ ದೊರೆ-ಭಗವಾನ್ ಬಾಂಡ್ ಧಾಟಿಯನ್ನು ಗೇಲಿ ಮಾಡಲಿಲ್ಲ, ಕನ್ನಡಕ್ಕೆ ತಂದರು. ರಾಜ್‌ಕುಮಾರರ ಸಿಐಡಿ 999 ನಿಜವಾದ ಹೀರೊ. ಅನುಕರಣೆ ಬೇರೆ, ಅಣಕ ಬೇರೆ. ಆ ಭಾಗ ತೆಗೆಯಿರಿ.

ತಪ್ಪುಗಳೂ ಇವೆ. ಮೂಲ ಕಾದಂಬರಿ ‘ಜೇಮ್ಸ್ ಹೆಲ್ವಿಕ್ ಮತ್ತು ಕ್ಲಾಡ್ ಕಾಕ್‌ಬರ್ನ್’ ಅವರದ್ದು ಅಂತ ಬರೆದಿದ್ದೀರಿ. ಇಬ್ಬರೂ ಒಬ್ಬರೇ, ಹೆಲ್ವಿಕ್ ಅನ್ನುವುದು ಕಾಕ್‌ಬರ್ನ್ ಇಟ್ಟುಕೊಂಡ ಗುಪ್ತನಾಮ. ‘ಆ ಕಾಲದ ಸೂಪರ್ ಹಿಟ್’ ಅಂತಲೂ ಇದೆ. ಅಲ್ಲ, ಓಡಲಿಲ್ಲ. ಬೋಗಾರ್ಟ್ ತಮ್ಮ ಕಂಪನಿಯ ಹಣ ಹಾಕಿದ್ದರು, ಅವರಿಗೂ ಚಿತ್ರ ಇಷ್ಟವಾಗಲಿಲ್ಲ. ಸೋತ ಚಿತ್ರ ಅಂತ ಬರೆಯಲು ಹಿಂಜರಿಯಬೇಡಿ. ಜನರಿಗೆ ಯಾಕೆ ಹಿಡಿಸಲಿಲ್ಲ ಅಂತ ಕೇಳಿಕೊಂಡರೆ ಒಳ್ಳೆಯ ಪ್ಯಾರಾ ಸಿಗುತ್ತದೆ. ಬೋಗಾರ್ಟ್ ಇದ್ದಾರೆ ಅಂದಮೇಲೆ ಗುಂಡು ಹಾರುತ್ತದೆ ಅಂತ ಬಂದವರಿಗೆ ಬರೀ ಮಾತು ಸಿಕ್ಕಿತ್ತು.

ಬೋಗಾರ್ಟ್ ದನಿಯಲ್ಲಿ ಕಥೆ ಶುರುವಾಗುತ್ತದೆ ಅಂತ ಬರೆದಿದ್ದೀರಿ. ಅಂದರೆ ನೀವು ನೋಡಿರುವುದು ಹಳೆಯ, ಕತ್ತರಿ ಬಿದ್ದ ಪ್ರತಿ. 2016ರಲ್ಲಿ ಸರಿಪಡಿಸಿದ ಪ್ರತಿಯಲ್ಲಿ ಆ ನಿರೂಪಣೆ ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ, ನಾಲ್ಕು ನಿಮಿಷ ಹೆಚ್ಚಿದೆ. ಅದನ್ನು ಹುಡುಕಿ ಇನ್ನೊಂದು ಸಲ ನೋಡಿ. ಈ ಸಲ ಎಲ್ಲೆಲ್ಲಿ ನಗು ಬಂತೋ ಅಲ್ಲೇ ನಿಲ್ಲಿಸಿ, ಆಡಿದ ಮಾತನ್ನು ಬರೆದಿಟ್ಟುಕೊಳ್ಳಿ. ಹೊಸ ಲೇಖನ ಎಂಟುನೂರು ಪದ ದಾಟದಿರಲಿ. ಸಾರಾಂಶಕ್ಕೆ ನೂರು ಪದ, ಅದಕ್ಕಿಂತ ಒಂದೂ ಜಾಸ್ತಿ ಬೇಡ.

— ಸಂಪಾದಕ